ಆಕಾಶಕ್ಕೇರಿದ ಇತ್ಯಾದಿ

"ಬಾ ಪಂಕಜ, ಜಗತ್ತಿನ ಮೊಟ್ಟಮೊದಲ ಮರ್ಯಾದಸ್ಥ ಯಂತ್ರ ನೋಡು!" ಎಂದು ಭಾವ ಚನ್ನಿಗಪ್ಪ ನನ್ನ ಫೋಟೋ ಸ್ಟುಡಿಯೋದ ಮೇಜಿನ ಮೇಲಿನ ಬಟ್ಟೆಯನ್ನು ಎಳೆದರು. ಅಡಿಯಲ್ಲಿದ್ದದ್ದು ನಮ್ಮ ಮನೆಯ ಗ್ರೈಂಡರು! ನೆತ್ತಿಯ ಮೇಲೊಂದು ಟೀವಿ ಡಿಶ್, ಹೊಟ್ಟೆಗೊಂದು ಬಾಯಿ, ಪಕ್ಕಕ್ಕೆ ಪ್ರಿಂಟರು. ನಾಳೆಯ ದೋಸೆಗೆ ಆಗಲೇ ಎಳ್ಳುನೀರು ಬಿಟ್ಟೆ.

"ಇದು ಜಪ್ತಿಮಿತ್ರ. ವಾರಂಟ್ ತಿನ್ಸಿದ್ರೆ ಸಾಕು, ಅದ್ರಲ್ಲಿ ಬರೆದಿರೋ ಅಷ್ಟನ್ನೇ ತೆಗೆಯತ್ತೆ. ಕೂದಲೆಳೆಯಷ್ಟೂ ಹೆಚ್ಚಿಲ್ಲ!"

ಭಾವ ಇದನ್ನು ಕಟ್ಟಿದ್ದು ನನಗಾಗಿಯೇ. ಗಂಗಾಧರಪ್ಪನವರ ಮಗಳ ಮದುವೆಯಲ್ಲಿ ಬೆಳ್ಳಿ ಕಳಶ ಕಳುವಾಗಿತ್ತು. ಕದ್ದ ಕೆಂಪು ಅಂಗಿಯವನು ಕಳಶವನ್ನು ತೊಡೆಯ ಮೇಲಿಟ್ಟುಕೊಂಡೇ ಊಟಕ್ಕೆ ಕೂತದ್ದು ನನ್ನ ಒಂದು ಫೋಟೋದಲ್ಲಿ ಸಿಕ್ಕಿತ್ತು. ಆ ಒಂದು ಫೋಟೋಗಾಗಿ ಪೊಲೀಸರು ನನ್ನ ಹಾರ್ಡ್ ಡಿಸ್ಕನ್ನೇ ಒಯ್ಯುವವರಿದ್ದರು! ಲ್ಯಾಬಿಗೆ ಹೋದ ಡಿಸ್ಕ್ ಯಾವ ಕಾಲಕ್ಕೆ ವಾಪಸ್ಸು ಬರುತ್ತದೋ ದೇವರೇ ಬಲ್ಲ. ಇಡೀ ಊರಿನ ಮದುವೆಗಳೆಲ್ಲ ಅದರೊಳಗಿದ್ದವು. ಅದು ಹೋದರೆ ಅಂಗಡಿಗೆ ಬೀಗವೇ ಗತಿ ಎಂಬ ಹೆದರಿಕೆಗೆ ನನಗೆ ಊಟವೇ ಸೇರುತ್ತಿರಲಿಲ್ಲ.

ಭಾವ ಚೀಟಿಯಲ್ಲಿ 'ಪಂಕಜಳ ಫೋನಿನಲ್ಲಿರುವ ಬೆಕ್ಕಿನ ಫೋಟೋ' ಎಂದು ಬರೆದು ಯಂತ್ರಕ್ಕೆ ತಿನ್ನಿಸಿದರು. ಗುರ್ರ್! ವೈರಿಲ್ಲ, ಏನಿಲ್ಲ, ಬೆಕ್ಕು ಪ್ರಿಂಟರಿನಿಂದ ಹೊರಬಂತು. ನನ್ನ ಫೋನಿನಲ್ಲಿದ್ದದ್ದು ಮಾಯ!

"ಅಯ್ಯೋ, ನನ್ನ ಬೆಕ್ಕೆಲ್ಲಿ ಭಾವ?"

"ಜಪ್ತಿ ಅಂದ್ರೆ ಜಪ್ತಿ ಕಣಮ್ಮ, ಜೆರಾಕ್ಸ್ ಅಲ್ಲ!"

ಫೋನಿನಲ್ಲಿ ಉಳಿದ ಫೋಟೋಗಳೆಲ್ಲ ಹಾಗೆಯೇ ಇದ್ದವು. ಗ್ರೈಂಡರಿನ ದುಃಖ ಮರೆತು ಯಂತ್ರಕ್ಕೆ ಕೈಮುಗಿದೆ.

ಮುಸ್ಸಂಜೆಗೆ ಸಬ್ ಇನ್‌ಸ್ಪೆಕ್ಟರ್ ರುದ್ರಮುನಿ ಬಂದರು. "ವಾರಂಟ್ ತಂದಿದೀನಿ ಮೇಡಂ, ಡಿಸ್ಕ್ ಬಿಚ್ಚಿ."

"ಒಂದು ಸೌಟು ಸಾರಿಗೆ ಅಡುಗೆಮನೇನೇ ಹೊತ್ಕೊಂಡು ಹೋಗ್ತೀರಾ ಸಾಹೇಬ್ರೇ?" ಎಂದರು ಭಾವ. "ನಮ್ಮ ಯಂತ್ರಕ್ಕೆ ಕೊಟ್ಟು ನೋಡಿ. ತಪ್ಪಿದ್ರೆ ಡಿಸ್ಕ್ ಜೊತೆ ನನ್ನನ್ನೂ ಎಳ್ಕೊಂಡು ಹೋಗಿ!"

ರುದ್ರಮುನಿ ನಗುತ್ತಲೇ ಕಾಗದ ಕೊಟ್ಟರು. ನಾನು ಇಣುಕಿದೆ: 'ಪಂಕ್ತಿಯಲ್ಲಿರುವ ಕೆಂಪು ಅಂಗಿಯವನ ಚಿತ್ರ, ಸಂಬಂಧಪಟ್ಟ ಉಪಕರಣ, ದಾಖಲೆ, ಇತ್ಯಾದಿ.' ಎಲೆಯ ತುದಿಗೆ ಉಪ್ಪು ಬಡಿಸಿದ ಹಾಗೆ ಠಾಣೆಯಲ್ಲಿ ಪ್ರತಿ ಕಾಗದದ ತುದಿಗೂ ಒಂದು 'ಇತ್ಯಾದಿ' ಬೀಳುತ್ತದೆ. ಅದನ್ನು ಯಾರೂ ಓದುವುದಿಲ್ಲ. ಯಂತ್ರ ಓದಿತು!

ಡಿಶ್ ಗಿರಗಿರ ತಿರುಗಿತು. ಪ್ರಿಂಟರಿನ ಕಾಗದ ಮುಗಿದದ್ದೇ ತಡ, ಫೋಟೋಗಳು ಬೆಳಕಾಗಿ ಆಕಾಶಕ್ಕೇರಿದವು! ಮೊದಲು ಮದುವೆಗೆ ಬಂದವರೆಲ್ಲ. ಆಮೇಲೆ ಅವರ ಫೋನುಗಳಲ್ಲಿದ್ದವರು, ಅವರ ನೆಂಟರು, ನೆಂಟರ ಎಮ್ಮೆಗಳು! ಎಂದೋ ತೀರಿಹೋದ ಅಜ್ಜಂದಿರು ಮೋಡದಗಲ ನಗುತ್ತಿದ್ದರು. ಬೀದಿಯ ಜನವೆಲ್ಲ ಕತ್ತೆತ್ತಿ ನಿಂತರು. ನಾವೆಲ್ಲ ಒಬ್ಬರ ಹಿಂದೊಬ್ಬರು ಇಷ್ಟೊಂದು ಫೋಟೋಗಳಲ್ಲಿ ನಿಂತಿದ್ದೇವೆಂದು ಯಾರಿಗೆ ಗೊತ್ತಿತ್ತು!

"ನಿಲ್ಸಿ ಭಾವ! ಊರಿನ ಮಾನ ಹೋಗತ್ತೆ!"

ಭಾವ ಪ್ಲಗ್ ಕಿತ್ತರು. "ಆದೇಶ ಜಾರಿಯಲ್ಲಿದೆ!" ಎಂದು ಗ್ರೈಂಡರು ಗದರಿತು.

ಅಷ್ಟರಲ್ಲಿ ಆಕಾಶದ ನಟ್ಟನಡುವೆ ಒಂದು ಮಗು ಮೂಡಿತು. ಉದ್ದಲಂಗ, ಮೊಗ್ಗಿನ ಜಡೆ. ಹಿಂದಿನ ಕನ್ನಡಿಯಲ್ಲಿ ಜಡೆಯೂ ಕಾಣುತ್ತಿತ್ತು, ಮಗುವನ್ನು ಹಿಡಿದುಕೊಂಡ ತಾಯಿಯೂ ಕಾಣುತ್ತಿದ್ದಳು. ಕೆಳಗೆ ಬರೆದಿತ್ತು: ಚಿ. ರುದ್ರಮುನಿ.

"ಎಷ್ಟು ಲಕ್ಷಣವಾಗಿದೆ ಹುಡುಗಿ!" ಎಂದರು ಯಾರೋ.

ರುದ್ರಮುನಿ ಟೋಪಿ ತೆಗೆದು ನಿಂತುಬಿಟ್ಟರು. "ನಮ್ಮಮ್ಮ..." ಎಂದವರು ಮರುಗಳಿಗೆ ಎಚ್ಚೆತ್ತು ಬೈಕ್ ಹತ್ತಿ ಮ್ಯಾಜಿಸ್ಟ್ರೇಟರ ಮನೆಗೆ ಹಾರಿದರು.

ಮ್ಯಾಜಿಸ್ಟ್ರೇಟರೂ ಮಹಡಿಯಲ್ಲಿ ನಿಂತು ಆಕಾಶವನ್ನೇ ನೋಡುತ್ತಿದ್ದರಂತೆ. ಉಳಿದದ್ದನ್ನೆಲ್ಲ ಹೊಡೆದುಹಾಕಿ, 'ಕೆಂಪು ಅಂಗಿಯವನ ಚಿತ್ರ ಮಾತ್ರ' ಎಂದು ಬರೆದು ಸಹಿ ಹಾಕಿದರಂತೆ. ಆ ಕಾಗದ ತಿಂದದ್ದೇ ಯಂತ್ರ ತಣ್ಣಗಾಯಿತು. ಆಕಾಶ ಮಡಚಿಕೊಂಡಿತು, ಎಲ್ಲರ ಫೋಟೋಗಳು ಅವರವರ ಫೋನಿಗೆ ಮರಳಿದವು. ಭಾವ ಹೊಸ ಕಾಗದ ಇಟ್ಟ ಪ್ರಿಂಟರಿನಿಂದ ಒಂದೇ ಒಂದು ಚಿತ್ರ ಬಂತು.

"ಡಿಸ್ಕ್ ನೀವೇ ಇಟ್ಕೊಳ್ಳಿ ತಾಯಿ," ಎಂದು ರುದ್ರಮುನಿ ಆ ಚಿತ್ರವನ್ನು ಎತ್ತಿಕೊಂಡವರು ಹುಬ್ಬು ಗಂಟಿಕ್ಕಿದರು. ಕೆಂಪು ಅಂಗಿಯವನು ಬರಿಗೈಯಲ್ಲಿ, ಬರೀ ಗಾಳಿಯ ಮೇಲೆ ಕೂತಿದ್ದ! "ಕಳಶ ಎಲ್ಲಿ?"

"ಮಾತ್ರ ಅಂತ ಬರೆಸ್ಕೊಂಡು ಬಂದೋರು ನೀವೇ," ಎಂದರು ಭಾವ. "ಕಳಶಕ್ಕೆ ಬೇರೆ ವಾರಂಟ್ ತನ್ನಿ."

ನನ್ನ ಡಿಸ್ಕ್ ಉಳಿಯಿತು. ಮರುದಿನ ಗಂಗಾಧರಪ್ಪನವರು ಆಲ್ಬಮ್ ತೆರೆದರು. ಪಂಕ್ತಿಯ ನಡುವೆ ಒಂದು ಜಾಗ ಖಾಲಿ. ಎಲೆಯ ಮೇಲೆ ಅನ್ನ, ಗಾಳಿಯಲ್ಲಿ ಅರ್ಧ ಕಚ್ಚಿದ ಲಾಡು, ಅದರ ಕೆಳಗೆ ಫಳಫಳ ಹೊಳೆಯುವ ಕಳಶ! ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತೆ.

ಅವರು ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಇರ್ಲಿ ಬಿಡಮ್ಮ. ಮುಯ್ಯಿ ಮಾಡ್ದೆ ಉಂಡೋನು ಹೋದ, ಕಳಶ ಆಲ್ಬಮ್ಮಿಗಾದ್ರೂ ವಾಪಸ್ ಬಂತಲ್ಲ."