ಕಚೇರಿ ಗೋಡೆಯ ಖಾಲಿ ಮೊಳೆ

ಅನ್ಯಾಯವನ್ನು ಕಂಡು ಸುಮ್ಮನಿರಲಾರದ ರೋಗವೊಂದು ನನಗಿದೆ. ಮೈಸೂರಿನ ಕಾಲೇಜಿನಲ್ಲಿ ಅಂಟಿದ್ದು. ದೇವಸಮುದ್ರದ ಶಾಲೆಗೆ ಮೇಷ್ಟರಾಗಿ ಬಂದ ಮೇಲೆ ಉಲ್ಬಣಿಸಿತು. ಊಟಕ್ಕೆ ಕುಳಿತಾಗಲೂ ನಾನು ಸರ್ಕಾರದ ದುಂದುವೆಚ್ಚವನ್ನು ಖಂಡಿಸಲು ಆರಂಭಿಸುವುದರಿಂದ ನನ್ನ ಅವ್ವ, "ಮೊದ್ಲು ಉಣ್ಣಪ್ಪ. ಸರ್ಕಾರ ಎಲ್ಲಿಗೂ ಹೋಗಾಕಿಲ್ಲ, ಮುದ್ದೆ ಆರೋಗ್ತೈತೆ" ಎನ್ನುತ್ತಾಳೆ.

ಕಚೇರಿಯ ಪಟಗಳ ವಿಷಯದಲ್ಲಿ ಮಾತ್ರ ಮುದ್ದೆ ಆರಿದರೂ ಚಿಂತೆಯಿಲ್ಲವೆಂದು ನಿಶ್ಚಯಿಸಿದ್ದೆ. ಯಾವ ಕಚೇರಿಯೆಂದು ಹೇಳುವುದಿಲ್ಲ; ಚಳ್ಳಕೆರೆಗೂ ಮೊಳಕಾಲ್ಮುರಿಗೂ ಗಾಡಿ ಕಟ್ಟಿಕೊಂಡು ಅಲೆಯುವವರು ಊಹಿಸಬಲ್ಲರು. ಅಲ್ಲಿಗೆ ಬಂದ ಪ್ರತಿಯೊಬ್ಬ ಅಮಲ್ದಾರರೂ ವರ್ಗವಾಗಿ ಹೋಗುವ ಮುನ್ನ ಸರ್ಕಾರದ ಖರ್ಚಿನಲ್ಲಿ ತಮ್ಮ ತೈಲಚಿತ್ರ ಬರೆಸಿ ಗೋಡೆಗೇರಿಸುವುದು ಸಂಪ್ರದಾಯ. ಬಳ್ಳಾರಿಯಿಂದ ಚಿತ್ರಕಾರ ಬರಬೇಕು, ಅವನಿಗೊಂದು ಬಿಡಾರ, ಚಿತ್ರಕ್ಕೆ ಚಿನ್ನದ ಲೇಪದ ಚೌಕಟ್ಟು, ಚೌಕಟ್ಟಿಗೆ ಮೊಳಕಾಲ್ಮುರಿನ ರೇಷ್ಮೆಯ ಪರದೆ, ಪರದೆ ಸರಿಸಲು ಒಬ್ಬ ಜವಾನ! ಇತ್ತ ನನ್ನ ಶಾಲೆಯ ಚಾವಣಿ ಗಾಳಿಗೆ ಹಾರಿಹೋಗಿತ್ತು. ಬಿಸಿಲೇರಿದಂತೆ ಮಕ್ಕಳು ಗೋಡೆಯ ನೆರಳನ್ನು ಹಿಂಬಾಲಿಸುತ್ತ ಸರಿಯುತ್ತಿದ್ದರು. ನಡುಮಧ್ಯಾಹ್ನಕ್ಕೆ ನೆರಳೂ ಇಲ್ಲ, ಶಾಲೆಯೂ ಇಲ್ಲ.

ಆಗಿನ ಅಮಲ್ದಾರರಿಗೂ ವರ್ಗವಾಯಿತೆಂದು, ಅವರ ಪಟಕ್ಕೆ ಮೊಳೆ ಹೊಡೆದಾಗಿದೆಯೆಂದು ಕೇಳಿ ಧಾವಿಸಿದೆ. ಆ ಹಣವನ್ನು ಚಾವಣಿಗೆ ಕೊಡಬೇಕೆಂದು ಪ್ರಜಾಹಿತ, ಮಿತವ್ಯಯ, ರಾಜಧರ್ಮವೆಂಬ ಮೂರು ಭಾಗಗಳಲ್ಲಿ ವಾದಿಸಿದೆ. ಮಿತವ್ಯಯದ ನಡುವೆಯೇ ಅವರು ಆಕಳಿಸಿದರು. "ಹಿಂದಿನವರೆಲ್ಲ ಮೇಲೇರಿ ಕೂತಿದ್ದಾರೆ ಮೇಷ್ಟ್ರೇ. ನಾನೊಬ್ಬ ಏನು ಪಾಪ ಮಾಡಿದ್ದೆ?" ಎಂದರು.

ಅಷ್ಟರಲ್ಲಿ ಕುರಿಗಳ ತಕರಾರು ಹೇಳಿಕೊಳ್ಳಲು ಗೌರಸಮುದ್ರದ ತಿಪ್ಪಜ್ಜಿ ಒಳಗೆ ಬಂದಳು. ನಮ್ಮ ಕಡೆ ಪಟವಾಗಿ ಗೋಡೆಗೇರುವವರು ದೇವರು, ಇಲ್ಲವೆ ತೀರಿಕೊಂಡವರು. ಸಾಲು ಪಟಗಳನ್ನು ಕಂಡು ಅಜ್ಜಿ ಗಲ್ಲಕ್ಕೆ ಕೈಹಚ್ಚಿದಳು.

"ಅಯ್ಯೋ ಶಿವನೇ, ಇಷ್ಟೂ ಜನ ಹೋಗ್ಬಿಟ್ರಾ!"

"ಏಯ್ ಅಜ್ಜಿ, ಸುಮ್ಕಿರು. ಎಲ್ರೂ ಚೆನ್ನಾಗೇ ಅದಾರೆ" ಎಂದು ಜವಾನ ಪಾಲಯ್ಯ ಗದರಿದ.

"ಬದುಕಿರೋರ್ನ ಯಾರಾನ ಗ್ವಾಡೆಗೆ ತೂಗಾಕ್ತಾರೇನ್ಲೇ? ಆ ಖಾಲಿ ಮೊಳೆ ಯಾರಿಗೆ?"

"ಈ ಸಾಹೇಬ್ರಿಗೆ."

ಅಜ್ಜಿ ಅಮಲ್ದಾರರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನನ್ನಪ್ಪಾ, ಕೂದ್ಲಿನ್ನೂ ಕರ್ರಗೈತಲ್ಲೋ! ಮಕ್ಕಳು ಸಣ್ಣವೇನಪ್ಪಾ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವಳು ಹೋದ ಮೇಲೆ ಅಮಲ್ದಾರರು ಖಾಲಿ ಮೊಳೆಯತ್ತ ನೋಡಿ ತಲೆಗೂದಲು ಸವರಿಕೊಂಡರು. ಆಮೇಲೆ ನನ್ನತ್ತ ಬಾಗಿ, "ಮೇಷ್ಟ್ರೇ, ನೀವು ವಿಜ್ಞಾನ ಓದಿದವರು. ಪಟ ಬರೆಸಿದರೆ ಆಯಸ್ಸು ಕುಂದುತ್ತದೆ ಅನ್ನೋದು ಬರೀ ಮೂಢನಂಬಿಕೆ ತಾನೇ?" ಎಂದು ಮೆಲ್ಲಗೆ ಕೇಳಿದರು.

ಹೌದೆಂದರೆ ಪಟ ಏರುತ್ತದೆ, ಚಾವಣಿ ಏರುವುದಿಲ್ಲ. ನಾನು ಗಂಟಲು ಸರಿಪಡಿಸಿಕೊಂಡು, "ಆ ವಿಷಯದಲ್ಲಿ ಪಂಡಿತರು ಇನ್ನೂ ಒಂದು ನಿರ್ಣಯಕ್ಕೆ ಬಂದಿಲ್ಲ, ಸ್ವಾಮಿ" ಎಂದೆ.

ಮಾರನೆಯ ವಾರವೇ ತೊಲೆ, ಹೆಂಚು ತುಂಬಿದ ಗಾಡಿಗಳು ದೇವಸಮುದ್ರಕ್ಕೆ ಬಂದವು. ಮಕ್ಕಳು ಗಾಡಿಗಳ ಮುಂದೆ ಕುಣಿದರು. ನಾನೂ ಕುಣಿದೆನೆಂದು ಅವ್ವನ ಆರೋಪ. ಈಗ ಪ್ರತಿ ಶನಿವಾರ ಅದೇ ಚಾವಣಿಯ ತಂಪಿನಲ್ಲಿ ನಿಂತು ಮೂಢನಂಬಿಕೆಗಳ ವಿರುದ್ಧ ಉಪನ್ಯಾಸ ಮಾಡುತ್ತೇನೆ. ಬೆಕ್ಕು, ಸೀನು, ಹಲ್ಲಿಶಕುನ, ರಾಹುಕಾಲ, ಒಂದನ್ನೂ ಉಳಿಸಿಲ್ಲ. ಪಟದ ಪ್ರಕರಣಕ್ಕೆ ಮಾತ್ರ ನಾನಿನ್ನೂ ಬಂದಿಲ್ಲ: ಆ ಅಮಲ್ದಾರರು ಬೇರೆ ಊರಿಗೆ ಹೋದರೂ ಅವರ ಜಾಗಕ್ಕೆ ಹೊಸಬರು ಬಂದಿದ್ದಾರೆ, ಮೊಳೆ ಇನ್ನೂ ಖಾಲಿಯಿದೆ.