ಸಿಮೆಂಟಿಲ್ಲದ ಸೊಂಟ

ತಜ್ಞರ ಮಾತನ್ನು ನಂಬಿ ನಡೆಯಬೇಕು ಎಂಬುದು ನನ್ನ ಸಿದ್ಧಾಂತ. ತೊಂದರೆ ಏನೆಂದರೆ, ಇಬ್ಬರು ತಜ್ಞರು ಎದುರುಬದುರು ಕುಳಿತಾಗ ಯಾರನ್ನು ನಂಬುವುದೆಂದು ಯಾರೂ ಹೇಳಿಕೊಟ್ಟಿಲ್ಲ. ಅದರಲ್ಲಿ ಒಬ್ಬರು ಸ್ವಂತ ಗಂಡನೇ ಆದರೆ ಕಷ್ಟ ಇನ್ನೂ ಹೆಚ್ಚು. ನನ್ನವರು ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದವರು. ಇಂದಿಗೂ ಬೆಳ್ತಂಗಡಿ ಕಡೆ ಹೋಗುವಾಗ ಮೋರಿ ಬಂದಲ್ಲೆಲ್ಲ "ಇದು ನಾನು ಕಟ್ಟಿಸಿದ್ದು" ಎಂದು ನನ್ನ ಮೊಣಕೈ ತಿವಿಯುತ್ತಾರೆ. ಮೂಡುಬಿದಿರೆಯ ಶಾಲೆಯಲ್ಲಿ ಮಕ್ಕಳ ಬಾಯಿ ಮುಚ್ಚಿಸಿದ ನನಗೆ ಅವರ ಬಾಯಿ ಮುಚ್ಚಿಸಲು ಈವರೆಗೆ ಆಗಿಲ್ಲ.

ಎಪ್ಪತ್ತನಾಲ್ಕನೇ ವಯಸ್ಸಿಗೆ ನನ್ನ ಸೊಂಟದ ಕೀಲು ಸವೆಯಿತು. ಮೊದಲು ನೆಲದಿಂದ ಏಳುವುದು ಹೋಯಿತು, ಆಮೇಲೆ ಬಸ್ಸಿನ ಮೆಟ್ಟಿಲು ಹತ್ತುವುದು. ನಿಜವಾದ ನಷ್ಟ ಅದೇ. ಪ್ರತಿ ಗುರುವಾರ ಅಳದಂಗಡಿಯ ತಂಗಿಯ ಮನೆಗೆ ಹೋಗಿ ಇಸ್ಪೀಟು ಆಡುವುದು ನನ್ನ ನಿವೃತ್ತ ಜೀವನದ ಏಕೈಕ ದುರಭ್ಯಾಸ. ಎರಡು ತಿಂಗಳು ಹೋಗದಿದ್ದಾಗ ತಂಗಿ ಫೋನು ಮಾಡಿ, "ನೀನು ಬಾರದೆ ನನಗೆ ಮೋಸ ಮಾಡ್ಲಿಕ್ಕೆ ಜನ ಇಲ್ಲ ಅಕ್ಕ" ಎಂದಳು. ಅಂದೇ ಆಪರೇಷನ್ ಮಾಡಿಸುವುದೆಂದು ನಿಶ್ಚಯಿಸಿದೆ.

ವೈದ್ಯರು ಎಕ್ಸ್‌ರೇ ನೋಡಿ, "ಟೀಚರ್, ನಿಮ್ಮ ಎಲುಬು ಗಟ್ಟಿ ಉಂಟು. ಸಿಮೆಂಟ್ ಹಾಕದೆ ಕೂರಿಸುವ" ಎಂದರು. ಎಲುಬಿಗೆ ಕೀಲು ಅಂಟಿಸುವ ಅಂಟಿಗೆ ಅವರು ಸಿಮೆಂಟ್ ಎನ್ನುತ್ತಾರಂತೆ; ಅದು ಬೇಡ, ಹೊಸ ಕೀಲಿನ ಲೋಹದ ಮೈ ತರಿತರಿಯಾಗಿರುತ್ತದೆ, ಎಲುಬೇ ಬೆಳೆದು ಅದನ್ನು ಹಿಡಿದುಕೊಳ್ಳುತ್ತದೆ ಎಂದು ವಿವರಿಸಿದರು.

ನನ್ನವರು ಕುರ್ಚಿಯ ತುದಿಗೆ ಸರಿದರು. "ಸಿಮೆಂಟ್ ಇಲ್ಲದೆ ಹೇಗೆ ನಿಲ್ತದೆ ಡಾಕ್ಟ್ರೇ?"

"ಬಿಗಿಯಾಗಿ ಕೂರಿಸ್ತೇವೆ ಸರ್."

"ಸೆಟ್ ಆಗ್ಲಿಕ್ಕೆ ಎಷ್ಟು ದಿನ?"

"ಪೂರ್ತಿ ಹಿಡೀಲಿಕ್ಕೆ ಕೆಲವು ತಿಂಗಳು ಬೇಕು."

"ಅಲ್ಲಿಯವರೆಗೆ ನೀರು ಹಾಕ್ತಾ ಇರಬೇಕಾ?"

ವೈದ್ಯರು ನಗದೆ, "ಇಲ್ಲ ಸರ್, ನಡೆಸ್ತಾ ಇರಬೇಕು" ಎಂದರು.

ನನ್ನವರು ತಗ್ಗಿದ ದನಿಯಲ್ಲಿ, "ಈ ಪ್ರಾಯದಲ್ಲಿ ಎಲುಬು ಬೆಳೀತದಾ?" ಎಂದರು. ಅವರ ಕೈ ನನ್ನ ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. ಇದು ಇಂಜಿನಿಯರಿನ ಸಂಶಯವಲ್ಲ ಎಂದು ಆಗ ನನಗೆ ಗೊತ್ತಾಯಿತು.

"ಬೆಳೀತದೆ. ಎಲುಬು ಪೊಳ್ಳಾಗಿದ್ದರೆ ನಾನೇ ಸಿಮೆಂಟ್ ಹಾಕ್ತಿದ್ದೆ" ಎಂದರು ವೈದ್ಯರು.

ಆಪರೇಷನ್ ಆದ ಮರುದಿನವೇ ವಾಕರ್ ಹಿಡಿದು ನಿಂತೆ. ನೋವಿತ್ತು, ಆದರೆ ಹಳೆಯ ನೋವಲ್ಲ. ತಗ್ಗಿನಲ್ಲಿ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು ಎಂದಿದ್ದರು ವೈದ್ಯರು. ಮನೆಯಲ್ಲಿ ನನ್ನವರು ಟೇಪು ಹಿಡಿದು ಮಂಚ, ಕುರ್ಚಿಗಳ ಎತ್ತರ ಅಳೆದು, ಕುಳ್ಳಗಿದ್ದವುಗಳ ಕಾಲಿಗೆಲ್ಲ ಮರದ ತುಂಡು ಜೋಡಿಸಿದರು. ನಾನು ಮರೆತು ಕಾಲ ಮೇಲೆ ಕಾಲು ಹಾಕಿದರೆ ಪಕ್ಕದ ಕೋಣೆಯಿಂದಲೇ ಕೆಮ್ಮುತ್ತಿದ್ದರು. ವರ್ಷ ತುಂಬಿದಾಗ ವೈದ್ಯರು ಹೊಸ ಎಕ್ಸ್‌ರೇ ತೋರಿಸಿ, ಎಲುಬು ಚೆನ್ನಾಗಿ ಹಿಡಿದಿದೆ ಎಂದರು. ನನ್ನವರು ಕನ್ನಡಕ ಒರೆಸಿಕೊಂಡು ತುಂಬಾ ಹೊತ್ತು ನೋಡಿ, "ಕೆಲಸ ಪಾಸ್" ಎಂದರು.

ಈಗ ನಾನು ಬಸ್ಸು ಹತ್ತುತ್ತೇನೆ, ಇಸ್ಪೀಟಿನಲ್ಲಿ ಸೋಲುತ್ತೇನೆ, ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುತ್ತೇನೆ. ಮೊನ್ನೆ ತಂಗಿಯ ನೆರೆಯಾಕೆಯೊಬ್ಬರು ಇದೇ ಆಪರೇಷನ್ನಿಗೆ ಹೆದರಿ ನನ್ನ ಬಳಿ ಬಂದರು. ಒಂದು ಗಂಟೆ ಧೈರ್ಯ ಹೇಳಿದೆ. ಎಲ್ಲ ಕೇಳಿ ಅವರು, "ನಿಮ್ಮದು ಯಾವ ಕಾಲು ಟೀಚರ್? ನೋಡಿದರೆ ಗೊತ್ತೇ ಆಗುದಿಲ್ಲ" ಎಂದರು.

"ಇದು" ಎಂದು ಹೆಮ್ಮೆಯಿಂದ ಎಡತೊಡೆ ತಟ್ಟಿ ತೋರಿಸಿದೆ.

ಚಹಾ ತರುತ್ತಿದ್ದ ತಂಗಿ, "ಅಕ್ಕ, ನಿನ್ನದು ಬಲದ್ದು" ಎಂದಳು.