ಮಾವನ ಡೂಪು ಹೀರೋಗಳು

ತಿಳಿದೂ ತಿಳಿದೂ ಟೋಪಿ ಹಾಕಿಸಿಕೊಳ್ಳುವುದರಲ್ಲಿ ನಮ್ಮ ಸೋದರಮಾವನನ್ನು ಮೀರಿಸುವವರು ಚನ್ನಪಟ್ಟಣದಲ್ಲಿ ಹುಟ್ಟಿಲ್ಲ. ಬೇರೆಯವರು ಸೈಟಿನಲ್ಲೋ ಚೀಟಿಯಲ್ಲೋ ಮೋಸ ಹೋದರೆ ನಮ್ಮ ಮಾವ ಕರಾಟೆ ಸಿನಿಮಾದಲ್ಲಿ! ಅದೂ ಎಂಥ ಸಿನಿಮಾ ಅಂತೀರಿ? ಹೀರೋ ಸತ್ತು ಮಣ್ಣಾದ ಮೇಲೆ ಅವನನ್ನೇ ಹಾಕಿಕೊಂಡು ತೆಗೆದ ಸಿನಿಮಾ.

ಸತ್ತವನು ಹೇಗೆ ನಟಿಸುತ್ತಾನೆ ಎಂದು ನೀವು ಕೇಳಬಹುದು. ನಾವೂ ಕೇಳಿದ್ದೆವು. ಮಾವ ಪಾಠ ಮಾಡಿದರು. ಅವರ ಆರಾಧ್ಯದೈವವಾಗಿದ್ದ ಆ ಹೀರೋ ಚಿಕ್ಕ ವಯಸ್ಸಿಗೇ ಹೋಗಿಬಿಟ್ಟನಂತೆ. ಸಿನಿಮಾದವರು ಸುಮ್ಮನಿರುತ್ತಾರೆಯೇ? ಅವನ ಹಳೇ ಚಿತ್ರಗಳಿಂದ ಒಂದೆರಡು ತುಣುಕು ಕತ್ತರಿಸಿಕೊಂಡು, ಉಳಿದದ್ದಕ್ಕೆಲ್ಲ ಯಾವನೋ ಡೂಪನ್ನು ನಿಲ್ಲಿಸಿದರು. ಡೂಪಿಗೆ ಮನೆಯೊಳಗೂ ಕಪ್ಪು ಕನ್ನಡಕ. ಹೆಚ್ಚು ಹೊತ್ತು ಅವನ ಬೆನ್ನೇ ದರ್ಶನ. ನಡುವೆ ತಟಕ್ಕನೆ ಅಸಲಿ ಮುಖ, ಮತ್ತೆ ಬೆನ್ನು. ಒಂದು ಚಿತ್ರದಲ್ಲಂತೂ ಬೆನ್ನಿಗೆ ಕೆಂಪು ಅಂಗಿ, ಮುಖಕ್ಕೆ ನೀಲಿ ಅಂಗಿ! ಮಾವ ಟಿ.ವಿ. ಮುಂದೆ ಕೂತು ತೊಡೆ ತಟ್ಟಿಕೊಂಡು ಬೈಯುತ್ತಿದ್ದರು. ಮಾರನೇ ವಾರ ಸಿ.ಡಿ. ಅಂಗಡಿಯಿಂದ ಅಂಥದ್ದೇ ಇನ್ನೊಂದನ್ನು ಬಾಡಿಗೆಗೆ ತರುತ್ತಿದ್ದರು.

ಮೋಸ ಎಂದು ಗೊತ್ತಿದ್ದೂ ಯಾಕೆ ತರುತ್ತೀರಿ ಎಂದು ನಾನು ಒಮ್ಮೆ ಕೇಳಿಯೇಬಿಟ್ಟೆ.

"ಒಂದ್ ಗಳಿಗೆ ಅವನೇ ಬತ್ತಾನಲ್ಲ, ಅದುಕ್ಕೆ," ಎಂದರು.

ಬರೀ ನೋಡಿದ್ದರೆ ಪರವಾಗಿರಲಿಲ್ಲ. ಬೊಂಬೆ ಮಾಡುವ ಗೆಳೆಯನ ಕೈಲಿ, ಸರಪಳಿ ಹಾಕಿ ಜೋಡಿಸಿದ ಎರಡು ಕೋಲು ಕಡೆಸಿಕೊಂಡು ಬಂದರು. ಬೊಂಬೆಯವನಿಗೆ ಬಣ್ಣ ಹಚ್ಚದೆ ಕೈ ಸುಮ್ಮನಿರುತ್ತದೆಯೇ? ಹಳದಿ, ಕೆಂಪು ಅರಗಿನಲ್ಲಿ ಮಿರಮಿರ ಮಿಂಚುವ ಆಯುಧ! ತೊಟ್ಟಿಲಿಗೆ ಕಟ್ಟಿದ್ದರೆ ಮಗು ನಗುತ್ತಿತ್ತು. ಅದನ್ನು ಹಿತ್ತಲಲ್ಲಿ ಒಂದು ಸುತ್ತು ತಿರುಗಿಸಿದ್ದೇ ತಡ, ಸೀದಾ ಬಂದು ಅವರದೇ ಹಣೆಗೆ ಬಡಿಯಿತು. ಅತ್ತೆ ಅರಿಶಿನ ಹಚ್ಚುತ್ತಾ, ಶತ್ರು ಯಾರೂ ಇರಲಿಲ್ಲವಲ್ಲ, ಪುಣ್ಯ ಎಂದರಂತೆ.

ಬಿಡದಿ ಕಡೆ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ ಅದು. ಮಾವನಿಗೂ ಒಂದರಲ್ಲಿ ಸೆಕ್ಯುರಿಟಿ ಕೆಲಸ ಸಿಕ್ಕಿತು. ಮೊದಲ ದಿನವೇ ದೊಡ್ಡ ಸಾಹೇಬರ ಕಾರು ಬಂದಾಗ ಸೆಲ್ಯೂಟ್ ಹೊಡೆಯುವುದನ್ನು ಬಿಟ್ಟು, ಮುಷ್ಟಿಗೆ ಅಂಗೈ ಒತ್ತಿ, ಸೊಂಟ ಬಗ್ಗಿಸಿ, ಕಣ್ಣು ಮಾತ್ರ ಸಾಹೇಬರ ಮೇಲೇ ನೆಟ್ಟು ನಿಂತರು. ಸಾಹೇಬರು ಗಾಬರಿಯಿಂದ ಕಾರಿನ ಗಾಜು ಏರಿಸಿಕೊಂಡರಂತೆ. ಆಮೇಲೆ ಮಾವನನ್ನು ಹಿಂದಿನ ಗೇಟಿಗೆ ಹಾಕಿದರು.

ಒಂದೇ ಒಂದು ಸಿನಿಮಾವನ್ನು ಮಾವ ಪೂರ್ತಿ ನೋಡಲಿಲ್ಲ. ಅದರಲ್ಲಿ ಆ ಹೀರೋನ ನಿಜವಾದ ಶವಯಾತ್ರೆಯನ್ನೇ ಕಥೆಯೊಳಗೆ ತೂರಿಸಿದ್ದರು. ಪೆಟ್ಟಿಗೆಯೊಳಗೆ ಅವನದೇ ಮುಖ. ಮಾವ ಎದ್ದು ಟಿ.ವಿ. ಆರಿಸಿದರು, ಊಟಕ್ಕೂ ಬರಲಿಲ್ಲ. ಸತ್ತವನನ್ನು ಮಲಗೋಕೂ ಬಿಡದ ಜನ ಎಂದು ಬೈದುಕೊಳ್ಳುತ್ತಾ ಜಗಲಿಯಲ್ಲೇ ಕೂತಿದ್ದರು. ನಾವು ಅವತ್ತು ನಕ್ಕೆವು. ಈಗ ನೆನೆದರೆ ನಗು ಬರುವುದಿಲ್ಲ.

ಯಾಕೆಂದರೆ ಅದಾಗಿ ಸ್ವಲ್ಪ ಕಾಲಕ್ಕೇ ಅತ್ತೆ ಹೋಗಿಬಿಟ್ಟರು. ಜ್ವರ ಎಂದು ಮಲಗಿದವರು ಏಳಲೇ ಇಲ್ಲ. ಮಗಳ ಮದುವೆ ನೋಡಬೇಕು ಎಂಬ ಒಂದೇ ಆಸೆ ಇತ್ತು ಅವರಿಗೆ, ಅದೂ ಆಗಲಿಲ್ಲ.

ಮಗಳಿಗೆ ಗಂಡು ಗೊತ್ತಾದಾಗ ಮಾವನಿಗೆ ಹೊಸ ಹುಚ್ಚು ಹಿಡಿಯಿತು. ಮದುವೆ ವಿಡಿಯೋದಲ್ಲಿ ಅವಳ ತಾಯಿ ಇರಲೇಬೇಕು! ಮೂಲೆಯಲ್ಲಿ ಫೋಟೋ ಇಟ್ಟು ಸುತ್ತಲೂ ಗುಲಾಬಿ ಹೂ ಉದುರಿಸುತ್ತೇನೆ ಎಂದ ವಿಡಿಯೋದವನನ್ನು ಗದರಿಸಿದರು. ಫೋಟೋ ಬೇಡ, ಅವಳು ಓಡಾಡಬೇಕು. ಆದರೆ ಅತ್ತೆ ಓಡಾಡುವ ಚಿತ್ರ ಇದ್ದದ್ದು ಒಂದೇ ಕಡೆ, ಮಾಗಡಿಯಲ್ಲಿ ನಡೆದ ನಮ್ಮ ಅಕ್ಕನ ಮದುವೆ ಕ್ಯಾಸೆಟ್ಟಿನಲ್ಲಿ. ಮಾವ ಬಸ್ಸು ಹತ್ತಿ ನಮ್ಮ ಮನೆಗೇ ಬಂದರು.

ಕ್ಯಾಸೆಟ್ ಹಾಕಿದೆವು. ನೇರಳೆ ಸೀರೆ ಉಟ್ಟ ಅತ್ತೆ ಹೂವಿನ ತಟ್ಟೆ ಹಿಡಿದು ಹಿಂತಿರುಗಿ ನೋಡುತ್ತಾರೆ. ಕ್ಯಾಮೆರಾ ಕಂಡು ನಾಚಿ ನಗುತ್ತಾರೆ, ಏನೋ ಹೇಳುತ್ತಾರೆ. ಅಷ್ಟರಲ್ಲಿ ಮಾವ ನುಗ್ಗಿ ಬಂದು ಅಡ್ಡ ನಿಂತು, ಕೈಕಾಲು ಬೀಸಿ ಕರಾಟೆ ಭಂಗಿ ಕೊಡುತ್ತಾರೆ! ಅಲ್ಲಿಂದ ಮುಂದೆ ಪೂರಾ ಮಾವ. ಅತ್ತೆ ಮತ್ತೆ ಕಾಣಿಸುವುದೇ ಇಲ್ಲ.

ಮಾವ ಅದನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಮತ್ತೆ ನೋಡಿದರು. ಕೊನೆಗೆ ನಮ್ಮಮ್ಮನ ಕಡೆ ತಿರುಗಿ, "ನಾನ್ಯಾಕಕ್ಕ ಅಡ್ಡ ಬಂದೆ? ಒಸಿ ಪಕ್ಕುಕ್ ನಿಂತಿದ್ರೆ ಆಗ್ತಿರ್ಲಿಲ್ವಾ?" ಎಂದರು. ಅಮ್ಮ ಕ್ಯಾಸೆಟ್ಟನ್ನು ಹೊರತೆಗೆದು ಅವರ ಚೀಲಕ್ಕೆ ಹಾಕಿದರು.

ಹೆಂಡತಿ ಇಲ್ಲದವರು ಧಾರೆ ಎರೆಯುವಂತಿಲ್ಲವಲ್ಲ, ಮಗಳಿಗೆ ಧಾರೆ ಎರೆದದ್ದು ನಮ್ಮಪ್ಪ ಅಮ್ಮ. ಆ ದಿನ ಮಾವ ಅತ್ತೆಯ ಅದೇ ನೇರಳೆ ಸೀರೆಯನ್ನು ತಂದು ಅಮ್ಮನ ಕೈಗಿಟ್ಟರು. ಬೇರೆ ಬಣ್ಣ ಆದರೆ ಕೂಡಿಕೊಳ್ಳುವುದಿಲ್ಲವಂತೆ! ವಿಡಿಯೋದವನಿಗೆ ಅಮ್ಮನ ಬೆನ್ನು ಮಾತ್ರ ತೆಗೆಯಬೇಕೆಂದು ಅಪ್ಪಣೆಯಾಯಿತು. ಹೊಸ ಓಲೆ ಹಾಕಿಕೊಂಡು ಬಂದಿದ್ದ ಅಮ್ಮ ಆ ಸೀರೆ ಉಟ್ಟು, ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತರು.

ಸಿ.ಡಿ. ಬಂದ ದಿನ ಎಲ್ಲರೂ ಮಾವನ ಮನೆಯಲ್ಲಿ ಸೇರಿದ್ದೆವು. ತವರಿಗೆ ಬಂದಿದ್ದ ಮಗಳು ಮುಂದೆಯೇ ಕೂತಿದ್ದಳು. ಧಾರೆ ಮುಗಿಯಿತು, ಗಟ್ಟಿಮೇಳ ನಿಂತಿತು. ನೇರಳೆ ಸೀರೆಯ ಬೆನ್ನೊಂದು ಕಾಣಿಸಿತು.

"ಅವ್ವನ್ ಸೀರೆ," ಎಂದಳು ಮಗಳು.

ತಟಕ್ಕನೆ ಅತ್ತೆ ತಿರುಗಿದರು. ಬೆಳಕು ಬೇರೆ, ಮಂಟಪ ಬೇರೆ, ಪಕ್ಕದಲ್ಲಿ ನಿಂತಿದ್ದ ಜನವೇ ಬೇರೆ. ಯಾರೂ ನಗಲಿಲ್ಲ. ಅತ್ತೆ ಒಂದು ಕೈಯಿಂದ ಮುಖ ಅರ್ಧ ಮುಚ್ಚಿಕೊಂಡು, ನಾಚಿಕೊಂಡು, "ನನ್ನ್ಯಾಕ್ ತೆಗೀತೀಯಪ್ಪ, ಅವ್ರುನ್ ತೆಗಿ," ಎಂದರು. ಮಾವ ಆ ಪುಟ್ಟ ಟಿ.ವಿ.ಯ ಹತ್ತಿರಕ್ಕೆ ಜರುಗಿ ಕೂತರು.

"ಬ್ಯಾಡ ಬುಡು," ಎಂದರು ಮೆಲ್ಲಗೆ, "ನಿನ್ನೇ ತೆಗೀಲಿ."